ಅತ್ತೆಯ ಬೆರಳಿಗೆ ಒಗ್ಗುವ ಇನ್ಹೇಲರ್

ದಮ್ಮಿಗೆ ಮದ್ದು ಬರೆಯುವ ಡಾಕ್ಟರು ಎದೆಗೆ ಕಿವಿಗೊಡುತ್ತಾರೆ, ನಳಿಗೆಯಲ್ಲಿ ಊದಿಸಿ ನೋಡುತ್ತಾರೆ, ಎಕ್ಸ್‌ರೇ ತೆಗೆಸುತ್ತಾರೆ. ಕೈ ನೋಡುವವರು ಕಡಿಮೆ. ನಮ್ಮ ಅತ್ತೆಯ ಮಟ್ಟಿಗೆ ಕೈಯನ್ನೇ ಮೊದಲು ನೋಡಬೇಕಿತ್ತು. ಅವರಿಗೆ ದಮ್ಮಿನ ಜೊತೆಗೆ ರುಮಟಾಯ್ಡ್ ವಾತವೂ ಇದೆ. ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿವೆ. ಬಲಗೈಯ ಹೆಬ್ಬೆರಳು ಬುಡದಲ್ಲಿ ಮಡಚಿಕೊಂಡು ತುದಿಯಲ್ಲಿ ಹಿಂದಕ್ಕೆ ಬಾಗಿದೆ. ಸೂಜಿಗೆ ದಾರ ಪೋಣಿಸುವ ಹಾಗೆ ಎರಡು ಬೆರಳ ತುದಿ ಸೇರಿಸುವುದು ಅವರಿಂದ ಆಗುವುದಿಲ್ಲ. ಹಿಡಿಯಲ್ಲಿ ಅಡಗುವಂಥದ್ದನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಒತ್ತಬಲ್ಲರು. ಇಷ್ಟು ತಿಳಿದ ಮೇಲೆಯೇ ನಾವು ಅವರಿಗೆ ಸರಿಯಾದ ಇನ್ಹೇಲರ್ ಹುಡುಕಲು ಹೊರಟದ್ದು. ಗಂಟುವಾತ, ಪಾರ್ಶ್ವವಾಯು, ಕೈನಡುಕ, ಹೀಗೆ ಯಾವುದಾದರೊಂದು ಕಾರಣದಿಂದ ಕೈ ಸೋತವರಿಗೆ ಉಸಿರಿನ ಮದ್ದು ಬೇಕಾದ ಮನೆಗಳು ನಮ್ಮ ಸುತ್ತಮುತ್ತ ಇನ್ನೂ ಇವೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ಸಣ್ಣದೊಂದು ಅಡಿಕೆ ತೋಟ. ಅತ್ತೆ ಬೀಡಿ ಸಿಗರೇಟಿನ ಹತ್ತಿರವೂ ಹೋದವರಲ್ಲ. ಆದರೆ ಮದುವೆಯಾಗಿ ಬಂದಂದಿನಿಂದ ಗ್ಯಾಸ್ ಬರುವ ತನಕ ಹಸಿ ಸೌದೆ, ಅಡಿಕೆ ಸೋಗೆ, ತೆಂಗಿನ ಮಡಲು ಉರಿಸಿ ಅಡುಗೆ ಮಾಡಿದವರು. ಒಲೆಯ ಹೊಗೆಯೂ ತಂಬಾಕಿನ ಹಾಗೆಯೇ ಶ್ವಾಸನಾಳವನ್ನು ಕಾಯಂ ಆಗಿ ಕಿರಿದು ಮಾಡಬಲ್ಲದು. ಸಿಒಪಿಡಿ ಎನ್ನುತ್ತಾರಲ್ಲ, ಅದು ಹಳ್ಳಿಯ ಹೆಂಗಸರಿಗೆ ಬರುವುದು ಹೆಚ್ಚಾಗಿ ಹೀಗೆಯೇ. ಅದರ ಮೇಲೆ ಚಳಿಗಾಲದಲ್ಲಿ ಒಣ ಅಡಿಕೆ ಸುಲಿಯುವಾಗಿನ ಧೂಳು.

ಈ ಎರಡು ಕಾಯಿಲೆಗಳು ಒಂದೇ ಮೈಯಲ್ಲಿ ಕೂಡಿದಾಗ ಒಂದು ತೊಂದರೆ ಇದೆ, ಅದನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ. ರುಮಟಾಯ್ಡ್ ಇದ್ದವರ ಕೀಲುಗಳು ಬೆಳಗ್ಗೆ ಏಳುವಾಗ ಸೆಟೆದುಕೊಂಡಿರುತ್ತವೆ, ಸಡಿಲವಾಗಲು ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಬೇಕು. ದಮ್ಮು ಏರುವುದೂ ಹೆಚ್ಚಾಗಿ ಬೆಳಗಿನ ಜಾವದಲ್ಲಿ. ಅಂದರೆ ಇನ್ಹೇಲರ್ ತುರ್ತಾಗಿ ಬೇಕಾಗುವ ಹೊತ್ತೂ ಕೈ ಅತ್ಯಂತ ಕೆಟ್ಟಿರುವ ಹೊತ್ತೂ ಒಂದೇ. ಹಗಲು ಹನ್ನೊಂದು ಗಂಟೆಗೆ ಆಸ್ಪತ್ರೆಯಲ್ಲಿ ಕುಳಿತು 'ಒತ್ತಿ ನೋಡಿ' ಎಂದಾಗ ಅತ್ತೆ ಚೆನ್ನಾಗಿಯೇ ಒತ್ತುತ್ತಾರೆ. ನಸುಕಿನ ನಾಲ್ಕು ಗಂಟೆಗೆ ಅದೇ ಕೈ ಚೊಂಬು ಎತ್ತಲಾರದು. ಹಾಗಾಗಿ ಯಾವ ಸಾಧನವನ್ನೇ ಆಗಲಿ ಮನೆಯಲ್ಲಿ, ಎದ್ದ ಕೂಡಲೇ, ಬಿಸಿನೀರಿಗೆ ಕೈ ಅದ್ದುವ ಮೊದಲು ಪರೀಕ್ಷಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ಹೇಲರ್ ಎಂದರೆ ನಮಗೆ ಮೊದಲು ನೆನಪಾಗುವುದು ಒತ್ತುವ ಪಂಪು. ಅದು ಹುಟ್ಟಿದ ಕತೆ ನನಗೆ ತುಂಬ ಇಷ್ಟ. 1955ರಲ್ಲಿ ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಎಂಬ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಹದಿಮೂರು ವರ್ಷದ ಮಗಳಿಗೆ ದಮ್ಮು ಇತ್ತು. ಆಗ ಇದ್ದದ್ದು ಕೈಯಲ್ಲಿ ಹಿಂಡುವ ರಬ್ಬರ್ ಬುರುಡೆಯ ಗಾಜಿನ ಸಾಧನ. ಕೂದಲಿಗೆ ಹೊಡೆಯುವ ಸ್ಪ್ರೇ ಡಬ್ಬಿಯ ಹಾಗೆ ನನ್ನ ಮದ್ದೂ ಯಾಕೆ ಬರಬಾರದು ಎಂದು ಅವಳು ಅಪ್ಪನನ್ನು ಕೇಳಿದಳಂತೆ. ಮರುವರ್ಷ, ಅಂದರೆ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಅದೇ 1956ರಲ್ಲಿ, ಒತ್ತುವ ಇನ್ಹೇಲರ್ ಮಾರುಕಟ್ಟೆಗೆ ಬಂತು. ಕೈಗೆ ಸುಲಭವಾಗಲಿ ಎಂದು ಒಬ್ಬ ಹುಡುಗಿ ಕೇಳಿದ್ದರಿಂದ ಬಂದ ಸಾಧನ ಅದು. ಆದರೆ ಆ ಕೈ ಹದಿಮೂರರ ಕೈ.

ಅತ್ತೆಯ ಕೈಗೆ ಅದು ಎಲ್ಲೆಲ್ಲಿ ಕಷ್ಟವಾಗುತ್ತದೆ ಎಂದು ನಾನು ಒಂದೊಂದೇ ಹಂತ ಪಕ್ಕದಲ್ಲಿ ಕುಳಿತು ನೋಡಿದೆ. ಮುಚ್ಚಳವನ್ನು ಅವರು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದರು. ಹಾಗೆಂದು ಮುಚ್ಚಳ ತೆಗೆದೇ ಇಡುವ ಹಾಗಿಲ್ಲ, ಬಾಯಿ ತೆರೆದ ಇನ್ಹೇಲರಿನೊಳಗೆ ಇರುವೆಯೋ ಕಸವೋ ಸೇರಿಕೊಂಡರೆ ಅದು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಅಲುಗಾಡಿಸುವುದು ಪರವಾಗಿಲ್ಲ, ಎರಡು ಅಂಗೈಗಳ ನಡುವೆ ಆಗುತ್ತದೆ. ನಿಜವಾದ ಕಷ್ಟ ಒತ್ತುವುದರಲ್ಲಿ. ಮೇಲೆ ತೋರುಬೆರಳು, ಕೆಳಗೆ ಹೆಬ್ಬೆರಳು ಇಟ್ಟು ಗಟ್ಟಿಯಾಗಿ ಹಿಸುಕಬೇಕು, ಹಿಸುಕಿದ ಕ್ಷಣಕ್ಕೇ ನಿಧಾನವಾಗಿ ಉಸಿರು ಎಳೆಯಲು ಶುರುಮಾಡಬೇಕು, ಮೂರರಿಂದ ಐದು ಸೆಕೆಂಡು ಎಳೆದು ಹತ್ತು ಸೆಕೆಂಡು ಹಿಡಿದಿಡಬೇಕು. ಅತ್ತೆಯ ಬೆರಳು ಡಬ್ಬಿಯನ್ನು ಕೆಳಗಿಳಿಸುವಷ್ಟರಲ್ಲಿ ಉಸಿರು ಎಳೆದು ಮುಗಿದಿರುತ್ತಿತ್ತು. ಮದ್ದೆಲ್ಲ ನಾಲಗೆ, ಗಂಟಲಿಗೆ ಅಂಟುತ್ತಿತ್ತು. 'ಎನಗೆ ಎಡಿತ್ತಿಲ್ಲೆ ಕೂಸೇ' (ನನ್ನಿಂದ ಆಗುವುದಿಲ್ಲ ಮಗಳೇ) ಎಂದು ಕೆಳಗಿಟ್ಟುಬಿಡುತ್ತಿದ್ದರು. ಮದ್ದು ನಾಟುವುದಿಲ್ಲ ಎಂದು ಡೋಸ್ ಏರಿಸುವ ಮೊದಲು ಮದ್ದು ಒಳಗೆ ಹೋಗುತ್ತಿದೆಯೇ ಎಂದು ನೋಡಬೇಕು ಎಂಬುದು ಇದಕ್ಕೇ.

ಮುಂದಿನ ಸಲಹೆ ಬಂದದ್ದು ಪುಡಿಯ ಇನ್ಹೇಲರ್. ಕ್ಯಾಪ್ಸೂಲ್ ಹಾಕಿ ಎಳೆಯುವಂಥದ್ದು, ನಮ್ಮ ಕಡೆ ಯಾವ ಕಂಪನಿಯದಾದರೂ ಜನ ರೋಟಾಕ್ಯಾಪ್ ಎಂದೇ ಹೇಳುವುದು. ಅದರಲ್ಲಿ ಒತ್ತಿ ಉಸಿರೆಳೆಯುವ ತಾಳಮೇಳದ ಗೋಜಿಲ್ಲ, ನಾವು ಎಳೆದಾಗ ಮಾತ್ರ ಮದ್ದು ಹೊರಡುತ್ತದೆ. ಬೆಲೆಯೂ ಕಡಿಮೆ. ಬೆರಳು ಸರಿಯಿದ್ದವರಿಗೆ ಒಳ್ಳೆಯದೇ. ಆದರೆ ಬಾಟಲಿಯ ಬಿರಡೆ ತಿರುಗಿಸಿ, ಒಂದೇ ಒಂದು ಕ್ಯಾಪ್ಸೂಲ್ ಹೆಕ್ಕಿ, ಅದರ ಸರಿಯಾದ ತುದಿ ನೋಡಿ, ಚಿಕ್ಕ ಕುಳಿಯಲ್ಲಿ ಕೂರಿಸಿ, ಕೆಳಭಾಗವನ್ನು ತಿರುಗಿಸಬೇಕು. ಅತ್ತೆಯ ಕೈಗೆ ಆಗದ್ದೇ ಇವು, ತಿರುಚುವುದು ಮತ್ತು ಹೆಕ್ಕುವುದು. ಇನ್ನು ಪುಡಿಯನ್ನು ಜೋರಾಗಿ, ಒಂದೇ ಎಳೆತದಲ್ಲಿ ಎಳೆಯಬೇಕು. ಪಂಪಿಗೆ ನಿಧಾನ, ಪುಡಿಗೆ ಜೋರು, ಇದು ಉಲ್ಟಾ ಆದರೆ ಎರಡೂ ವ್ಯರ್ಥ. ದಮ್ಮು ಏರಿದ ಹೊತ್ತಿನಲ್ಲಿ ಅಷ್ಟು ಜೋರಿನ ಎಳೆತ ಅತ್ತೆಯಲ್ಲಿ ಇರುವುದಿಲ್ಲ.

ಮತ್ತೆ ನಮ್ಮ ಮಳೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಸುರಿಯುವ ಊರು ಇದು, ಆಟಿ ತಿಂಗಳಲ್ಲಿ ಹಪ್ಪಳದ ಡಬ್ಬಿಗೂ ತೇವ ಹಿಡಿಯುತ್ತದೆ. ಕ್ಯಾಪ್ಸೂಲಿನ ಪುಡಿ ತೇವ ಹಿಡಿದರೆ ಗಂಟು ಕಟ್ಟುತ್ತದೆ, ಗಂಟು ಕಟ್ಟಿದ ಪುಡಿ ಶ್ವಾಸಕೋಶದ ಆಳಕ್ಕೆ ಇಳಿಯುವುದಿಲ್ಲ. ವಾರಕ್ಕಾಗುವಷ್ಟು ಕ್ಯಾಪ್ಸೂಲುಗಳನ್ನು ತೆರೆದ ಬಟ್ಟಲಲ್ಲಿ ತೆಗೆದಿಟ್ಟು ಹೆಕ್ಕುವ ಕಷ್ಟ ತಪ್ಪಿಸೋಣ ಎಂದರೆ ಅದಕ್ಕೂ ದಾರಿ ಇಲ್ಲ.

ಇಲ್ಲಿ ನನ್ನ ಅಣ್ಣನ ಮಗನ ಮಾತು ತರಬೇಕು. ಅವನು ಜರ್ಮನಿಯಲ್ಲಿ ನರ್ಸ್, ನರಗಳ ಕಾಯಿಲೆಯಿಂದ ಕೈಕಾಲು ಸೋತವರ ಆರೈಕೆ ಅವನ ಕೆಲಸ. ಆ ದೇಶದಲ್ಲಿ 2017ರ ಮಾರ್ಚಿನಿಂದ ಕೆಲವು ರೋಗಿಗಳಿಗೆ ಡಾಕ್ಟರ ಚೀಟಿಯ ಮೇಲೆ ಗಾಂಜಾ ಹೂವನ್ನೇ ಮದ್ದಾಗಿ ಕೊಡುತ್ತಾರೆ. ಅದನ್ನು ಸುಡುವುದಿಲ್ಲ. ವೇಪರೈಸರ್ ಎಂಬ ಯಂತ್ರದಲ್ಲಿ 180ರಿಂದ 210 ಡಿಗ್ರಿ ಶಾಖಕ್ಕೆ ಕಾಯಿಸಿ ಬರುವ ಆವಿಯನ್ನು ಎಳೆದುಕೊಳ್ಳುವುದು. ನಮ್ಮಲ್ಲಿ ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಆ ಹೂವು ಇಟ್ಟುಕೊಳ್ಳುವುದೇ ಅಪರಾಧ, ಅದು ನಮ್ಮ ಮನೆಯ ವಿಷಯವೇ ಅಲ್ಲ. ಆದರೆ ಯಂತ್ರ ಆರಿಸುವಾಗ ಅವರು ಪಡುವ ಪಾಡು ನಮ್ಮದೇ. ಹೂವನ್ನು ಪುಡಿಮಾಡಲು ಕೈ ತಿರುಚಬೇಕು, ಬೆರಳಗಲದ ಕುಳಿಗೆ ಚೆಲ್ಲದಂತೆ ತುಂಬಬೇಕು, ಬಿಸಿಯಾದ ಭಾಗವನ್ನು ಮುಟ್ಟದೆ ಬಿಚ್ಚಿ ತೊಳೆಯಬೇಕು. ಅವರು ಕಂಡುಕೊಂಡ ಉಪಾಯ ಎಂದರೆ, ಸಣ್ಣ ಡಬ್ಬಿಗಳಲ್ಲಿ ಒಂದೊಂದು ಹೊತ್ತಿನ ಅಳತೆಯನ್ನು ಬೇರೆಯವರು ಮೊದಲೇ ತುಂಬಿಟ್ಟಿರುತ್ತಾರೆ, ರೋಗಿ ಅದನ್ನು ಒಳಗೆ ಬೀಳಿಸಿದರೆ ಸಾಕು. ಮೇಜಿನ ಮೇಲೆ ನಿಲ್ಲುವ ಯಂತ್ರವಾದರೆ ಕೈಯಲ್ಲಿ ಹಿಡಿಯುವ ಕೆಲಸವೂ ಇಲ್ಲ.

ಅವನು ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟು: 'ಅತ್ತೇ, ಕೆಲಸಗಳನ್ನು ಎರಡು ಪಾಲು ಮಾಡಿ ನೋಡಿ. ನೀವು ಹಗಲು ಮಾಡಿಟ್ಟರೆ ಆಗುವಂಥದ್ದು ಯಾವುದು, ರಾತ್ರಿ ಅಜ್ಜಿಯೇ ಮಾಡಬೇಕಾದದ್ದು ಯಾವುದು. ಎರಡನೆಯ ಪಾಲು ಯಾವುದರಲ್ಲಿ ಕಡಿಮೆಯೋ ಅದನ್ನು ತನ್ನಿ.' ನನ್ನ ತಲೆಯಲ್ಲಿದ್ದ ಗೋಜಲು ಆ ಮಾತಿನಿಂದ ಬಿಡಿಸಿಕೊಂಡಿತು.

ಹಾಗೆ ನೋಡಿದಾಗ ಒತ್ತುವ ಪಂಪೇ ಮತ್ತೆ ಲೆಕ್ಕಕ್ಕೆ ಬಂತು, ಆದರೆ ಸ್ಪೇಸರ್ ಜೊತೆಗೆ. ಸ್ಪೇಸರ್ ಎಂದರೆ ಪಂಪಿನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ. ಒತ್ತಿದ ಮದ್ದು ಅದರೊಳಗೆ ಸ್ವಲ್ಪ ಹೊತ್ತು ನಿಲ್ಲುವುದರಿಂದ ಒತ್ತುವುದಕ್ಕೂ ಎಳೆಯುವುದಕ್ಕೂ ಒಂದೇ ಕ್ಷಣ ಆಗಬೇಕೆಂದಿಲ್ಲ. ಬೆರಳು ನಿಧಾನವಾದರೆ ನಷ್ಟವಿಲ್ಲ. ಕವಾಟ ಇರುವ ಸ್ಪೇಸರ್ ಆದರೆ ಸಾಧಾರಣ ಉಸಿರನ್ನೇ ನಾಲ್ಕೈದು ಸಲ ಎಳೆದು ಬಿಟ್ಟರೂ ಆಗುತ್ತದೆ. ಉಳಿದದ್ದು ಒತ್ತುವ ಬಲದ ಪ್ರಶ್ನೆ. ಒಂದು ಕೈಯ ಎರಡು ಬೆರಳಿನಿಂದ ಆಗದ್ದು ಎರಡು ಕೈಗಳಿಂದ ಆಗುತ್ತದೆ. ಮೊಣಕೈ ಮೇಜಿನ ಮೇಲೆ ಊರಿ, ಎರಡೂ ಹೆಬ್ಬೆರಳು ಕೆಳಗೆ, ಎರಡೂ ಕೈಗಳ ತೋರುಬೆರಳು ನಡುಬೆರಳು ಮೇಲೆ ಇಟ್ಟು ಒತ್ತುವುದನ್ನು ಫಿಸಿಯೋಥೆರಪಿಯವರು ಕಲಿಸಿದರು. ಕೈ ತೀರಾ ಸೆಟೆದ ದಿನ ಅತ್ತೆ ಬೆರಳು ಬಿಟ್ಟು ಅಂಗೈಯ ಬುಡದಿಂದಲೇ ಒತ್ತುತ್ತಾರೆ. ಇಂಗ್ಲೆಂಡಿನಲ್ಲಿ ಹೇಲರೇಡ್ ಎಂಬ ಹಿಡಿಕೆ ಸಿಗುತ್ತದೆ, ಪಂಪನ್ನು ಅದರೊಳಗೆ ಕೂರಿಸಿದರೆ ಇಡೀ ಮುಷ್ಟಿಯಿಂದ ಹಿಸುಕಬಹುದು. ಹೊರದೇಶದಲ್ಲಿ ನೆಂಟರಿರುವವರು ತರಿಸಬಹುದು, ಆದರೆ ಎಲ್ಲ ಪಂಪಿಗೂ ಅದು ಹೊಂದುವುದಿಲ್ಲ, ನಿಮ್ಮ ಪಂಪಿನ ಹೆಸರು ಹೇಳಿ ಕೇಳಿಕೊಳ್ಳಿ.

ಮನೆಯಲ್ಲಿ ನಾನು ಮಾಡಿದ ಸಣ್ಣ ಏರ್ಪಾಡುಗಳನ್ನೂ ಹೇಳುತ್ತೇನೆ, ಇವಕ್ಕೆ ದುಡ್ಡು ಬೇಕಾಗಿಲ್ಲ. ಸ್ಪೇಸರಿನ ನುಣುಪು ಪ್ಲಾಸ್ಟಿಕ್ ಅತ್ತೆಯ ಅಂಗೈಯಿಂದ ಜಾರುತ್ತಿತ್ತು, ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಚೆನ್ನಾಗಿ ತೊಳೆದು ಅದಕ್ಕೆ ಹೊರಗಿನಿಂದ ಸುತ್ತಿದೆ. ಈಗ ದಪ್ಪವೂ ಆಯಿತು, ಹಿಡಿತವೂ ಬಂತು. ರಾತ್ರಿ ಮಲಗುವ ಮೊದಲು ಪಂಪನ್ನು ಸ್ಪೇಸರಿಗೆ ಸಿಕ್ಕಿಸಿ, ಸಡಿಲ ಮುಚ್ಚಳದ ಶುದ್ಧವಾದ ಡಬ್ಬಿಯೊಂದರಲ್ಲಿ ಇಟ್ಟು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಡುತ್ತೇನೆ. ಹಲ್ಲಿನಿಂದ ಕಚ್ಚಿ ತೆಗೆಯಬೇಕಾದ ಆ ಚಿಕ್ಕ ಮುಚ್ಚಳದ ಕೆಲಸವೇ ರಾತ್ರಿಯ ಪಾಲಿಗೆ ಉಳಿಯುವುದಿಲ್ಲ. ಪಂಪಿನ ಹಿಂದಿನ ಅಂಕಿ ಎಷ್ಟು ಡೋಸ್ ಉಳಿದಿದೆ ಎಂದು ತೋರಿಸುತ್ತದೆ, ಅದನ್ನು ನೋಡುವುದು ನನ್ನ ಕೆಲಸ. ಅಂಕಿ ಇಲ್ಲದ ಪಂಪಾದರೆ ಶುರುಮಾಡಿದ ದಿನ ಬರೆದಿಟ್ಟು ಲೆಕ್ಕ ಹಾಕಬೇಕು, ನೀರಿನಲ್ಲಿ ತೇಲುತ್ತದೋ ಮುಳುಗುತ್ತದೋ ಎಂದು ನೋಡುವ ಹಳೆಯ ಪದ್ಧತಿಯನ್ನು ನಂಬಬೇಡಿ. ಸ್ಪೇಸರನ್ನು ಸೋಪು ನೀರಿನಲ್ಲಿ ಅದ್ದಿ ತೆಗೆದು ಹಾಗೆಯೇ ಆರಲು ಬಿಡಬೇಕು. ಬಟ್ಟೆಯಿಂದ ಒರೆಸಿದರೆ ಒಳಗೆ ಸ್ಥಿರವಿದ್ಯುತ್ ಹುಟ್ಟಿ ಮದ್ದು ಗೋಡೆಗೇ ಅಂಟುತ್ತದೆ. ಮಳೆಗಾಲದಲ್ಲಿ ಅದು ಬೇಗ ಆರುವುದಿಲ್ಲ, ಹಾಗಾಗಿ ಎರಡು ಇಟ್ಟುಕೊಂಡಿದ್ದೇವೆ.

ಇದು ತುರ್ತಿನ ಮದ್ದಿಗೆ. ದಿನಾ ತೆಗೆದುಕೊಳ್ಳುವ ಮದ್ದಿಗೆ ಡಾಕ್ಟರು ಬೇರೆಯದೇ ಕೊಟ್ಟರು: ಒತ್ತಲು ಏನೂ ಇಲ್ಲ, ಮುಚ್ಚಳ ತೆರೆದು ಬಾಯಲ್ಲಿಟ್ಟು ಉಸಿರೆಳೆದರೆ ಆ ಎಳೆತಕ್ಕೇ ಮದ್ದು ತಾನಾಗಿ ಚಿಮ್ಮುತ್ತದೆ. ಬೆಲೆ ಜಾಸ್ತಿ. ಆದರೆ ಅತ್ತೆ ಮುಚ್ಚಳವನ್ನು ಅಂಗೈಯ ಬುಡದಿಂದ ದೂಡಿ ತೆರೆಯುತ್ತಾರೆ, ಬೇರೆ ಯಾರನ್ನೂ ಕರೆಯುವುದಿಲ್ಲ. ಹಿಂದೆ ಒಂದು ಡೋಸಿಗೂ ಇವರನ್ನೋ ನನ್ನನ್ನೋ ಕೂಗಬೇಕಾಗಿತ್ತು, ನಾವು ತೋಟದಲ್ಲಿದ್ದರೆ 'ಮತ್ತೆ ನೋಡುವ' ಎಂದು ಆ ಡೋಸನ್ನೇ ಬಿಡುತ್ತಿದ್ದರು. ಅವರ ಮುಖದಲ್ಲಿ ಈಗ ಕಾಣುವ ನೆಮ್ಮದಿಗೆ ಆ ಹೆಚ್ಚಿನ ಬೆಲೆ ಕೊಡುವುದು ನನಗೆ ದೊಡ್ಡದೆನಿಸುವುದಿಲ್ಲ. ಸ್ಟಿರಾಯ್ಡ್ ಸೇರಿದ ಮದ್ದಾದ್ದರಿಂದ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಲೇಬೇಕು, ಇಲ್ಲದಿದ್ದರೆ ನಾಲಗೆಯ ಮೇಲೆ ಬಿಳಿ ಬೂಷ್ಟು ಬರುತ್ತದೆ. ಚೊಂಬು ಎತ್ತಲಾರದ ಕೈಗೆ ಎರಡು ಹಿಡಿಯ ಸಣ್ಣ ಲೋಟವನ್ನೂ ಪಕ್ಕದಲ್ಲೇ ಇಡಿ.

ದ್ರವ ಮದ್ದನ್ನು ಮಂಜು ಮಾಡಿ ಕೊಡುವ ನೆಬ್ಯುಲೈಸರ್ ಯಂತ್ರ ಇದ್ದರೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ನಮ್ಮಲ್ಲೂ ಇದೆ. ಆದರೆ ಅದರ ಮದ್ದಿನ ಪ್ಲಾಸ್ಟಿಕ್ ಕುಪ್ಪಿಯ ತಲೆಯನ್ನು ತಿರುಚಿ ಮುರಿಯಬೇಕು, ಅದು ಅತ್ತೆಯಿಂದ ಸಾಧ್ಯವೇ ಇಲ್ಲ, ಮೊದಲೇ ಮುರಿದಿಡುವಂತೆಯೂ ಇಲ್ಲ. ಗಾಳಿಮಳೆಗೆ ನಮ್ಮ ಲೈನಿನಲ್ಲಿ ಕರೆಂಟು ಹೋದರೆ ಬರುವ ಹೊತ್ತು ಹೇಳಲಾಗದು. ಬ್ಯಾಟರಿಯಲ್ಲಿ ನಡೆಯುವ ಅಂಗೈಯಗಲದ ಮೆಶ್ ನೆಬ್ಯುಲೈಸರ್ ಹಗುರ, ಸದ್ದಿಲ್ಲ, ಆದರೆ ಅದರ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ, ಬಳಸಿದಾಗಲೆಲ್ಲ ತೊಳೆಯಬೇಕು. ಮಾಸ್ಕಿನ ವಿಷಯವೂ ಒಂದಿದೆ. ಅತ್ತೆಗೆ ಕಣ್ಣಿನ ಪ್ರೆಷರ್, ಅಂದರೆ ಗ್ಲಾಕೋಮಾ ಇದೆ. ಶ್ವಾಸನಾಳ ಹಿಗ್ಗಿಸುವ ಇಪ್ರಾಟ್ರೋಪಿಯಂ ಸೇರಿದ ಮದ್ದಿನ ಮಂಜು ಮಾಸ್ಕಿನ ಅಂಚಿನಿಂದ ಸೋರಿ ಕಣ್ಣಿಗೆ ತಾಗಿದರೆ ಗ್ಲಾಕೋಮಾ ಇದ್ದವರಿಗೆ ಕೆಡುಕು. ಹಾಗಾಗಿ ಬಾಯಿಯಲ್ಲಿ ಹಿಡಿಯುವ ನಳಿಗೆಯನ್ನೇ ಬಳಸುತ್ತೇವೆ, ಹತ್ತು ನಿಮಿಷ ನಾನು ಹಿಡಿದುಕೊಂಡು ಕೂರುತ್ತೇನೆ. ಮನೆಯಲ್ಲಿ ಇನ್ನೊಬ್ಬರು ಇದ್ದಾಗಿನ ಸಾಧನ ಅದು.

ಇನ್ನು ಹಬೆ. ಶೀತವಾದರೆ ನೆಕ್ಕಿ (ಲಕ್ಕಿ) ಸೊಪ್ಪು, ಸಾಂಬ್ರಾಣಿ (ದೊಡ್ಡಪತ್ರೆ) ಸೊಪ್ಪು, ತುಳಸಿ ಹಾಕಿ ಕುದಿಸಿ ಕಂಬಳಿ ಹೊದ್ದು ಹಬೆ ಹಿಡಿಯದೆ ಅತ್ತೆಗೆ ಸಮಾಧಾನವಿಲ್ಲ. ಅವರ ಅಬ್ಬೆ ಮಾಡಿಕೊಡುತ್ತಿದ್ದದ್ದು ಅದು. ಬೇಡ ಎನ್ನಲು ನನಗೂ ಮನಸ್ಸಿಲ್ಲ. ಹಬೆಯಿಂದ ಮೂಗು ಬಿಟ್ಟಂತಾಗುತ್ತದೆ, ಹಾಯೆನಿಸುತ್ತದೆ, ಆದರೆ ಬಿಗಿದ ಶ್ವಾಸನಾಳವನ್ನು ಅದು ತೆರೆಯುವುದಿಲ್ಲ. ಘಾಟು ಹೆಚ್ಚಾದರೆ ದಮ್ಮು ಏರಲೂಬಹುದು. ಅದಕ್ಕಿಂತ ನನಗೆ ಭಯ ಪಾತ್ರೆಯದ್ದು. 60 ಡಿಗ್ರಿಯ ನೀರು ಐದೇ ಸೆಕೆಂಡಿನಲ್ಲಿ ಚರ್ಮ ಸುಡಬಲ್ಲದು, ನಡುಗುವ ಕೈಯಲ್ಲಿ ಕುದಿಯುವ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದನ್ನು ನೋಡಿಕೊಂಡು ಇರಲಾಗುವುದಿಲ್ಲ.

ಮೆಡಿಕಲ್ ಅಂಗಡಿಯಲ್ಲಿ ವೇಪರೈಸರ್ ಎಂದು ಕೇಳಿದರೆ ಕೊಡುವುದು ಈ ಹಬೆಯ ಯಂತ್ರವನ್ನೇ. ತರುವಾಗ ನಾನು ನೋಡಿದ್ದು ಅಗಲವಾದ ಅಡಿ, ನೀರು ಮುಗಿದಾಗ ತಾನೇ ಆಫ್ ಆಗುವ ವ್ಯವಸ್ಥೆ, ಮುಖವನ್ನು ಹಬೆಯ ಹತ್ತಿರ ತಂದರೆ ಸಾಕಾಗುವಂಥ, ಕೈಯಲ್ಲಿ ಎತ್ತಬೇಕಿಲ್ಲದ ಬಾಯಿ. ಅಗ್ಗದ ಕೆಲವು ಯಂತ್ರಗಳಲ್ಲಿ ಎರಡು ಲೋಹದ ತುಂಡುಗಳ ನಡುವಿನ ನೀರಿನ ಮೂಲಕವೇ ಕರೆಂಟು ಹರಿದು ನೀರು ಕಾಯುತ್ತದೆ, ಅಂಥವುಗಳಿಗೆ ಚಿಟಿಕೆ ಉಪ್ಪು ಹಾಕಿ ಎನ್ನುವುದು ಅದಕ್ಕೇ. ಪ್ಲಗ್ಗಿನಲ್ಲಿ ಇರುವಾಗ ಆ ನೀರು ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಬೆರಳು ಸ್ವಾಧೀನದಲ್ಲಿ ಇಲ್ಲದವರ ಮನೆಗೆ ಅದು ಬೇಡವೇ ಬೇಡ. ನೀರು ತುಂಬುವುದು, ಚೆಲ್ಲುವುದು ನನ್ನ ಪಾಲು, ಅತ್ತೆ ಗೋಡೆಯ ಸ್ವಿಚ್ಚನ್ನು ಗೆಣ್ಣಿನಿಂದ ಒತ್ತುತ್ತಾರೆ ಅಷ್ಟೇ. ಸೊಪ್ಪನ್ನು ಯಂತ್ರದೊಳಗೆ ಹಾಕುವುದಿಲ್ಲ, ಜಜ್ಜಿ ತೆಳು ಬಟ್ಟೆಯಲ್ಲಿ ಕಟ್ಟಿ ಅವರ ಮಡಿಲಲ್ಲಿ ಇಡುತ್ತೇನೆ, ಪರಿಮಳ ಅಷ್ಟರಲ್ಲೇ ಬರುತ್ತದೆ. ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಕಷಾಯವನ್ನಾಗಲಿ ನೀಲಗಿರಿ ಎಣ್ಣೆಯನ್ನಾಗಲಿ ನೆಬ್ಯುಲೈಸರಿಗೆ ಹಾಕಬೇಡಿ. ಎಣ್ಣೆಯ ಹನಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾದಂಥ ಕಾಯಿಲೆ ತರುತ್ತದೆ.

ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ದಮ್ಮಿನವರಿಗಾಗಿಯೇ 'ಶ್ವಾಸ್' ಕ್ಲಿನಿಕ್ ಇದೆ. ಅಂಥಲ್ಲಿ ಇನ್ಹೇಲರ್ ಎಳೆಯುವ ಕ್ರಮ ತೋರಿಸಿ ಎಂದು ಧೈರ್ಯವಾಗಿ ಕೇಳಿ, ಕೈಯನ್ನೂ ಮುಂದೆ ಚಾಚಿ ತೋರಿಸಿ. ಗಡಿನಾಡಿನ ನಮಗೆ ಇನ್ನೊಂದು ಕಷ್ಟ ಇದೆ. ಮದ್ದಿನ ಪೆಟ್ಟಿಗೆಯೊಳಗಿನ ಕಾಗದ ಇಂಗ್ಲಿಷಿನಲ್ಲಿ, ಗೋಡೆಯ ಚಿತ್ರಪಟ ಮಲಯಾಳದಲ್ಲಿ. ಅತ್ತೆ ಕನ್ನಡ ಶಾಲೆಯಲ್ಲಿ ಓದಿದವರು. ನಾನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಮಂಚದ ಎದುರು ಅಂಟಿಸಿದ್ದೇನೆ: ಅಲುಗಾಡಿಸಿ, ಉಸಿರು ಪೂರ್ತಿ ಬಿಡಿ, ಒಮ್ಮೆ ಮಾತ್ರ ಒತ್ತಿ, ನಿಧಾನವಾಗಿ ಎಳೆಯಿರಿ, ಹತ್ತು ಎಣಿಸಿ. ಬೇಕಾದವರು ಇದನ್ನೇ ಬರೆದುಕೊಳ್ಳಬಹುದು.

2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗೆ ಹೋಗುವ ದಾರಿಯೇ ಇಲ್ಲದಾದ ಮೇಲೆ ನಮ್ಮ ಮನೆಯಲ್ಲಿ ತುರ್ತಿನ ಪಂಪು ಯಾವಾಗಲೂ ಒಂದು ಹೆಚ್ಚಿಗೆ ಇರುತ್ತದೆ. ಅದನ್ನು ಕೊಳ್ಳುವಾಗ ನೆನಪಿಡಬೇಕಾದದ್ದು ಒಂದು. ಕೇಳಿದ್ದು ಸ್ಟಾಕ್ ಇಲ್ಲದಿದ್ದರೆ ಅಂಗಡಿಯವರು 'ಅದೇ ಮದ್ದು, ಕಂಪನಿ ಬೇರೆ' ಎಂದು ಇನ್ನೊಂದನ್ನು ಕೊಡುತ್ತಾರೆ. ಒಳಗಿನ ಮದ್ದು ಅದೇ ಇರಬಹುದು, ಪಂಪಿನ ಬದಲು ಪುಡಿಯದೋ ಅಡಿ ತಿರುಚುವಂಥದ್ದೋ ಬಂದುಬಿಟ್ಟಿರುತ್ತದೆ. ಅಲ್ಲೇ ಪೆಟ್ಟಿಗೆ ತೆರೆದು ನೋಡಿ, ಅಭ್ಯಾಸವಾದ ಸಾಧನವೇ ಅಲ್ಲದಿದ್ದರೆ ಹಿಂದಕ್ಕೆ ಕೊಟ್ಟು, ತರಿಸಿಕೊಡಿ ಎಂದು ಹೇಳಿ ಬನ್ನಿ.